ವಿಮಾನನಿಲ್ದಾಣವೂ ಪಕ್ಷಿಸಂಕುಲವೂ

ಅಲ್ಪತೂಕದ ಹಕ್ಕಿಯು ಬೃಹದ್ವಿಮಾನಕ್ಕೆ ಕಂಟಕವಾಗುವುದೆಂತು? ವೇಗವು ಇಮ್ಮಡಿಯಾದರೆ ಚಲನಶಕ್ತಿಯು ನಾಲ್ಮಡಿಯಾಗುವುದೆಂಬ ಭೌತಶಾಸ್ತ್ರದ ನಿಯಮವೇ ಇದಕ್ಕೆ ಉತ್ತರ. 1960ರ ಅಕ್ಟೋಬರ್ 4ರಂದು ಅಮೆರಿಕದ ಬಾಸ್ಟನ್ ನಿಲ್ದಾಣದಿಂದ ಮೇಲೆದ್ದ ಎಲೆಕ್ಟ್ರಾ ವಿಮಾನದ ಎಂಜಿನುಗಳೊಳಕ್ಕೆ ಸ್ಟಾರ್ಲಿಂಗ್ ಹಕ್ಕಿಗಳ ಹಿಂಡು ಸಿಲುಕಿತು. ಶಕ್ತಿಗುಂದಿದ ವಿಮಾನವು ಕೊಲ್ಲಿಯ ನೀರಿಗೆ ಬಿದ್ದು 62 ಜನರು ಅಸುನೀಗಿದರು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಕೆನಡಾ ಹೆಬ್ಬಾತುಗಳು ಎರಡೂ ಎಂಜಿನುಗಳನ್ನು ಕೆಡಿಸಿದಾಗ, ಚಾಲಕರು ವಿಮಾನವನ್ನು ಹಡ್ಸನ್ ನದಿಯ ಮೇಲಿಳಿಸಿದರು. ಅದರಲ್ಲಿದ್ದ 155 ಮಂದಿಯೂ ಉಳಿದರು.

ಆದರೆ ಚಾಲಕನ ಕೌಶಲವೊಂದನ್ನೇ ಸದಾ ನೆಚ್ಚಲಾಗದು, ನಿವಾರಣೆಯೇ ಮೇಲು. ಹಕ್ಕಿಯು ಬರುವುದು ಆಹಾರ, ನೀರು, ಆಶ್ರಯಗಳನ್ನರಸಿ. ಆದುದರಿಂದ ಓಡುದಾರಿಯ ಸುತ್ತ ನೀರು ನಿಲ್ಲದಂತೆ ಮಾಡುವುದು, ಹುಲ್ಲಿನ ಎತ್ತರವನ್ನು ಆಯಾ ಸೀಮೆಯ ಪಕ್ಷಿಗಳ ಸ್ವಭಾವವರಿತು ನಿಯಂತ್ರಿಸುವುದು, ಗೂಡುಗಳಿಗೆ ಎಡೆಗೊಡದಿರುವುದು ಮುಖ್ಯಕ್ರಮಗಳು. ಸಿಡಿಮದ್ದಿನ ಸದ್ದಿಗೆ ಮೊದಲು ಬೆದರಿದ ಹಕ್ಕಿ, ಅಪಾಯವಿಲ್ಲವೆಂದರಿತೊಡನೆ ಮರಳಿ ಬರುತ್ತದೆ.

ನಿಲ್ದಾಣದ ಗೋಡೆಯಾಚೆಗಿನ ಕಸರಾಶಿಯಾದರೋ ಹದ್ದುಗಳಿಗೆ ನಿತ್ಯದ ಆಹ್ವಾನ. ಭಾರತದ 1937ರ ವಿಮಾನ ನಿಯಮಾವಳಿಯ 91ನೆಯ ನಿಯಮವು ನಿಲ್ದಾಣದಿಂದ 10 ಕಿಲೋಮೀಟರುಗಳೊಳಗೆ ಪ್ರಾಣಿವಧೆಯನ್ನೂ ಹೊಲಸು ಚೆಲ್ಲುವುದನ್ನೂ ನಿಷೇಧಿಸಿದುದು ಇದಕ್ಕಾಗಿಯೇ. ಬೀದಿಗೆ ಬಿಸುಟ ಎಂಜಲಿಗೂ ಆಗಸದ ಪಯಣಿಗನ ಪ್ರಾಣಕ್ಕೂ ಸಂಬಂಧವುಂಟೆಂಬುದನ್ನು ವಿದ್ಯಾರ್ಥಿಗಳು ಎಳವೆಯಲ್ಲಿಯೇ ಅರಿಯಬೇಕು. ಅರುಹುವ ಹೊಣೆ ಅಧ್ಯಾಪಕರದು.