ಲಾರಿಗೆ ಹೆಚ್ಚುವರಿ ರಿವರ್ಸ್ ಲೈಟು: ಕೈಸುಟ್ಟುಕೊಳ್ಳದ ಸೂತ್ರಗಳು

ರಾತ್ರಿ ಹೊತ್ತು ಎಪಿಎಂಸಿ ಯಾರ್ಡಿನಲ್ಲಿ ಲೋಡ್ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಕಂಪನಿ ಬಲ್ಬು ಸಾಲದು. ಎರಡು ಎಲ್‌ಇಡಿ ಲೈಟು ಸೇರಿಸೋಣ, ಸರಿ. ಆದರೆ ಕರೆಂಟು ಎಲ್ಲಿಂದ ತರುತ್ತೀರಿ?

1. ಮೊದಲು ಬ್ಯಾಟರಿಯ ಮೈನಸ್ ಕಳಚಿ. ಪ್ಲಸ್‌ಗೆ ಕೈಹಾಕಿ ಸ್ಪ್ಯಾನರ್ ಚಾಸಿಗೆ ತಾಗಿದರೆ ಬೆಂಕಿಯ ಕಿಡಿ ಖಂಡಿತ.

2. ಲೈಟಿನ ಮೇಲಿನ ವೋಲ್ಟ್ ಓದಿ. ದೊಡ್ಡ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿರುತ್ತವೆ, ಒಟ್ಟು 24. ಪಿಕಪ್ಪಿಗೆ ತಂದ 12 ವೋಲ್ಟ್ ಬಲ್ಬು ಇಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಢಂ.

3. ಹಳೇ ರಿವರ್ಸ್ ವಯರಿಗೆ ಹೊಸ ಲೈಟು ಗಂಟು ಹಾಕಬೇಡಿ. ಗೇರ್‌ಬಾಕ್ಸಿನ ಪುಟ್ಟ ಸ್ವಿಚ್ಚು ಕಂಪನಿ ಬಲ್ಬಿಗೆಂದು ಇರುವುದು. 48 ವ್ಯಾಟಿನ ಎರಡು ಲೈಟು ಅಂದರೆ 24 ವೋಲ್ಟಿಗೆ 4 ಆಂಪಿಯರ್ ಹೆಚ್ಚುವರಿ ಹೊರೆ. ಸ್ವಿಚ್ಚಿನ ಪಾಯಿಂಟು ಸುಡಬಹುದು. ಅದಕ್ಕೇ ರಿಲೇ. ರಿವರ್ಸ್ ವಯರು ರಿಲೇಯ 86ನೇ ಕಾಲಿಗೆ, 85 ಅರ್ತಿಗೆ, ಬ್ಯಾಟರಿಯ ಪ್ಲಸ್ 30ಕ್ಕೆ, 87ರಿಂದ ಲೈಟಿಗೆ. ಹಳೇ ವಯರು ಬರೀ ಸನ್ನೆ ಮಾಡುತ್ತದೆ, ಹೊರೆಯನ್ನು ಬ್ಯಾಟರಿಯ ವಯರು ಹೊರುತ್ತದೆ. ರಿಲೇಯೂ 24 ವೋಲ್ಟಿನದೇ ಇರಲಿ.

ಐದು ಕಾಲಿನ ರಿಲೇಯಲ್ಲಿ ನಡುವಿನ ಕಾಲು 87ಎ. ಒಮ್ಮೆ ಅವಸರದಲ್ಲಿ ನಾನು ಲೈಟಿನ ವಯರನ್ನು ಅದಕ್ಕೇ ಸಿಕ್ಕಿಸಿಬಿಟ್ಟೆ. ಗಾಡಿ ಮುಂದೆ ಹೋಗುವಾಗೆಲ್ಲ ಹಿಂದೆ ಝಗಝಗ. ರಿವರ್ಸ್ ಹಾಕಿದ ಕೂಡಲೇ ಕತ್ತಲು. ಡ್ರೈವರ್ ಅಣ್ಣ ವಾಪಸ್ ಬಂದು ಬೈದದ್ದು ಇನ್ನೂ ಕಿವಿಯಲ್ಲಿದೆ.

4. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ. ಅದು ಕಾಯುವುದು ಲೈಟನ್ನಲ್ಲ, ವಯರನ್ನು. ಲೈಟಿನ ಹತ್ತಿರ ಹಾಕಿದರೆ ನಡುವೆ ಚಾಸಿಗೆ ಉಜ್ಜಿದ ವಯರು ಸುಡುವಾಗ ಅದು ಸುಮ್ಮನೆ ಕೂತಿರುತ್ತದೆ. 4 ಆಂಪಿಯರಿಗೆ 7.5 ಸಾಕು, 2.5 ಚದರ ಮಿ.ಮೀ. ತಾಮ್ರದ ವಯರು ಎಳೆಯಿರಿ. ಹಾರಿದ ಫ್ಯೂಸಿನ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುವ ಜಾಣರಿಗೆ ನನ್ನ ನಮಸ್ಕಾರ.

5. ಅರ್ತಿನ ಜಾಗದಲ್ಲಿ ಬಣ್ಣ ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಿ, ಲಗ್ ಹಾಕಿ ಬೋಲ್ಟ್ ಬಿಗಿಯಿರಿ, ಮೇಲೆ ಗ್ರೀಸು ಸವರಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಉರಿದರೆ ಬಲ್ಬು ಬದಲಿಸಲು ಓಡಬೇಡಿ, ಮೊದಲು ಅರ್ತ್ ನೋಡಿ.

6. ಟೇಪು ಸುತ್ತಿದ ಗಂಟು ಒಂದು ಮಳೆಗಾಲ ಬಾಳದು. ಲಗ್ ಒತ್ತಿ, ಹೀಟ್ ಸ್ಲೀವ್ ಹಾಕಿ. ಕನೆಕ್ಟರಿಗೆ ಹೋಗುವ ಮುನ್ನ ವಯರು ಸ್ವಲ್ಪ ಕೆಳಗೆ ಜೋತು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತಗಡಿನ ತೂತಿನಲ್ಲಿ ರಬ್ಬರ್ ಗ್ರಾಮೆಟ್.

7. ಹಾಡಿಗೆ, ಮೊಬೈಲ್ ಚಾರ್ಜಿಗೆ ಎರಡರಲ್ಲೊಂದು ಬ್ಯಾಟರಿಯಿಂದ 12 ವೋಲ್ಟ್ ಕದಿಯುವುದು ನಮ್ಮಲ್ಲಿ ಮಾಮೂಲು. ಒಂದು ಬ್ಯಾಟರಿ ಸೊರಗುತ್ತದೆ, ಇನ್ನೊಂದಕ್ಕೆ ಚಾರ್ಜು ಅತಿಯಾಗುತ್ತದೆ, ಕೊನೆಗೆ ಎರಡೂ ಗುಜರಿಗೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ; ಬ್ಯಾಟರಿ ಜೋಡಿಯ ಮುಂದೆ ಅದರ ಬೆಲೆ ಏನೂ ಅಲ್ಲ.

8. ಬಿಎಸ್6 ಗಾಡಿಯಾದರೆ ಕಂಪನಿ ವಯರನ್ನು ಕೊಯ್ಯುವ ಮುನ್ನ ಸರ್ವೀಸ್ ಸೆಂಟರಿನವರನ್ನು ಕೇಳಿ. ವಾರಂಟಿ ಇದ್ದರಂತೂ ಕೇಳಲೇಬೇಕು.

9. ಲೈಟನ್ನು ನೆಲಕ್ಕೆ ಬಾಗಿಸಿ. ನೆಟ್ಟಗಿಟ್ಟರೆ ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುವ ಕ್ಲೀನರ್ ಹುಡುಗನ ಕಣ್ಣು ಕುಕ್ಕುತ್ತದೆ. ಅವನಿಗೆ ಗೋಡೆಯೂ ಕಾಣದು, ಗಾಡಿಯೂ ಕಾಣದು.