ನರ ಎಲ್ಲಿ ಸಿಕ್ಕಿಕೊಂಡಿದೆ?

ಕಿರುಬೆರಳು, ಉಂಗುರ ಬೆರಳು ಪದೇ ಪದೇ ಜೋಮು ಹಿಡಿಯುತ್ತಿದ್ದರೆ ತೊಂದರೆ ಬೆರಳಿನಲ್ಲೇ ಇರಬೇಕೆಂದಿಲ್ಲ. ಅಲ್ಲಿಗೆ ಹೋಗುವ ಅಲ್ನಾರ್ ನರ ಮೊಣಕೈಯ ಒಳಮಗ್ಗುಲಿನ ಎಲುಬಿನ ಹಿಂದೆ ಹಾದು, ಸ್ನಾಯುವೊಂದರ ಎರಡು ಕವಲುಗಳ ನಡುವೆ ನುಸುಳಿ ಮುಂದೋಳಿಗೆ ಇಳಿಯುತ್ತದೆ. ಒತ್ತಡ ಬಿದ್ದಿರುವುದು ಈ ಇಕ್ಕಟ್ಟಿನಲ್ಲೋ, ಕುತ್ತಿಗೆಯಲ್ಲೋ, ಮಣಿಕಟ್ಟಿನಲ್ಲೋ? ಇದನ್ನು ಪತ್ತೆಹಚ್ಚಲು ನೆರವಾಗುವುದೇ ನರದ ವಿದ್ಯುತ್ ಪರೀಕ್ಷೆ.

ಇದರಲ್ಲಿ ಎರಡು ಭಾಗ. ಮೊದಲನೆಯದು ಎನ್‌ಸಿಎಸ್, ಅಂದರೆ ನರದಲ್ಲಿ ಸಂಕೇತ ಓಡುವ ವೇಗದ ಅಳತೆ. ಕಿರುಬೆರಳ ಬುಡದ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಮಣಿಕಟ್ಟಿನ ಬಳಿ ಸಣ್ಣ ಶಾಕ್ ಕೊಡುತ್ತಾರೆ. ಬೆರಳು ತಟ್ಟನೆ ಅಲ್ಲಾಡುತ್ತದೆ, ಪರದೆಯ ಮೇಲೆ ಅಲೆಯೊಂದು ಏಳುತ್ತದೆ. ಬಳಿಕ ಮೊಣಕೈಯ ಕೆಳಗೆ ಒಮ್ಮೆ, ಮೇಲೆ ಒಮ್ಮೆ.

ಒಂದು ಲೆಕ್ಕ ಮಾಡಿ ನೋಡೋಣ. ಅಲೆ ಏಳಲು ಮಣಿಕಟ್ಟಿನಿಂದ 3 ಮಿಲಿಸೆಕೆಂಡ್, ಮೊಣಕೈಯ ಕೆಳಗಿನಿಂದ 7 ಮಿಲಿಸೆಕೆಂಡ್ ಬೇಕಾಯಿತು ಅಂದುಕೊಳ್ಳಿ. ಕಳೆದರೆ ಉಳಿಯುವುದು 4. ಕಳೆಯಲೇಬೇಕು, ಏಕೆಂದರೆ ಆ ಮೊದಲ 3ರಲ್ಲಿ ನರದಿಂದ ಸ್ನಾಯುವಿಗೆ ಸಂಕೇತ ದಾಟುವ ಸಮಯವೂ ಸೇರಿದೆ. ನಡುವಿನ ಅಂತರ 22 ಸೆಂ.ಮೀ. ಇದ್ದರೆ ವೇಗ ಸೆಕೆಂಡಿಗೆ 55 ಮೀಟರ್. ಇದು ಚೆನ್ನಾಗಿದೆ, ಮುಂದೋಳಿನಲ್ಲಿ ಸಾಮಾನ್ಯವಾಗಿ 50 ಅಥವಾ ಹೆಚ್ಚು ಇರಬೇಕು. ಇನ್ನು 10 ಸೆಂ.ಮೀ. ಮೇಲಿನಿಂದ ಶಾಕ್ ಕೊಟ್ಟಾಗ 10 ಮಿಲಿಸೆಕೆಂಡ್ ಹಿಡಿದರೆ? ಆ ತುಂಡಿನಲ್ಲಿ ವೇಗ ಸುಮಾರು 33ಕ್ಕೆ ಕುಸಿದಿದೆ. ನರ ಸಿಕ್ಕಿಕೊಂಡಿರುವುದು ಮೊಣಕೈಯಲ್ಲಿ.

ಒತ್ತಡಕ್ಕೆ ಸಾಮಾನ್ಯವಾಗಿ ಮೊದಲು ಹಾಳಾಗುವುದು ನರದೆಳೆಯ ಮೇಲಿನ ಮಯಲಿನ್ ಹೊದಿಕೆ. ಆಗ ವೇಗ ತಗ್ಗುತ್ತದೆ. ಎಳೆಗಳೇ ಸಾಯತೊಡಗಿದರೆ ಅಲೆಯ ಎತ್ತರ ಕುಗ್ಗುತ್ತದೆ. ಕೈ ತಣ್ಣಗಿದ್ದರೂ ವೇಗ ಇಳಿಯುವುದರಿಂದ ಚರ್ಮವನ್ನು ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾಗಿಸಿಯೇ ಅಳೆಯಬೇಕು. ಈ ಹೆಜ್ಜೆಯನ್ನು ಬಿಟ್ಟ ರಿಪೋರ್ಟನ್ನು ನಂಬುವುದು ಕಷ್ಟ.

ಎರಡನೆಯದು ಇಎಂಜಿ. ಇಲ್ಲಿ ಶಾಕ್ ಇಲ್ಲ, ಸ್ನಾಯುವಿಗೆ ತೆಳ್ಳನೆಯ ಸೂಜಿ ಚುಚ್ಚಿ ಆಲಿಸುತ್ತಾರೆ. ಇದು ಯಾವಾಗ ಬೇಕು? ಉದಾಹರಣೆಗೆ, ಕೈಯ ಇನ್ನೊಂದು ನರ ಮೀಡಿಯನ್. ಮುಂದೋಳಿನ ಆಳದಲ್ಲಿರುವ ಅದರ ಕವಲೊಂದು ಕೆಟ್ಟರೆ ಹೆಬ್ಬೆರಳು, ತೋರುಬೆರಳ ತುದಿ ಮಡಚಿ ಗುಂಡಗೆ ಸೇರಿಸಲು ಬರುವುದಿಲ್ಲ. ಆದರೆ ಜೋಮು ಇರುವುದಿಲ್ಲ. ಮಾಮೂಲಿ ಎನ್‌ಸಿಎಸ್ ಸರಿಯಾಗಿಯೇ ಬರಬಹುದು. ಆಗ ಸೂಜಿ ಹೇಳುತ್ತದೆ: ಆರೋಗ್ಯವಾದ ಸ್ನಾಯು ಸಡಿಲ ಬಿಟ್ಟಾಗ ಮೌನ, ನರ ಕಳೆದುಕೊಂಡದ್ದು ಟಪ್ ಟಪ್ ಎಂದು ಒಂದೇ ಲಯದಲ್ಲಿ ಸದ್ದು ಮಾಡುತ್ತದೆ. ಈ ಸದ್ದು ಮೂಡಲು 2–3 ವಾರ ಬೇಕು. ಅವಸರಪಟ್ಟು ಮೊದಲ ವಾರವೇ ಮಾಡಿಸಿದರೆ ಅದು ತಪ್ಪಿಹೋಗಬಹುದು.

ರಿಪೋರ್ಟ್ ನಾರ್ಮಲ್ ಎಂದಾಕ್ಷಣ ನೋವು ಸುಳ್ಳಲ್ಲ. ಮುಂದೋಳಿನಲ್ಲಿ ಮೀಡಿಯನ್, ರೇಡಿಯಲ್ ನರಗಳು ಒತ್ತಿಕೊಂಡು ಬರೀ ನೋವು ಕೊಡುವಾಗ ಈ ಪರೀಕ್ಷೆಗೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಹಾಗಾಗಿ ಜೋಮು ಎಲ್ಲಿ, ಯಾವ ಕೆಲಸಕ್ಕೆ ಕೈ ಸೋಲುತ್ತದೆ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ. ಪರೀಕ್ಷೆಯ ದಿನ ಕೈಗೆ ಎಣ್ಣೆ, ಕ್ರೀಮ್ ಬೇಡ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.