ಎಲ್ಲಾ ಮೂತಿ ಹುಳು ಶತ್ರುವಲ್ಲ

ಮೂತಿ ಹುಳು ಅಂದರೆ ನಮ್ಮ ರೈತರಿಗೆ ಮೈ ಉರಿಯುತ್ತೆ. ತೆಂಗಿನ ಕಾಂಡ ತಿಂದು ಮರವನ್ನೇ ಕೆಡಹುವ ಕೆಂಪು ಮೂತಿ ಹುಳು, ಮಾವಿನ ಓಟೆಯೊಳಗೆ ಕೂರುವ ಹುಳು ಎರಡೂ ಇದೇ ಕುಲ. ಆದರೆ ಕಾಯಿ ಕಟ್ಟಿಸುವ ಹುಳುವೂ ಇದೇ ಕುಲದಲ್ಲಿದೆ.

ಎಣ್ಣೆ ತಾಳೆ ಆಫ್ರಿಕಾದ ಬೆಳೆ. ನಮ್ಮ ತಾಟಿ ಮರ ಅಲ್ಲ. ಒಂದೇ ಮರದಲ್ಲಿ ಗಂಡು ಗೊನೆ, ಹೆಣ್ಣು ಗೊನೆ ಬೇರೆ ಬೇರೆ ಕಾಲಕ್ಕೆ ಅರಳುತ್ತವೆ. ಮಲೇಷ್ಯಾದ ತೋಟಗಳಲ್ಲಿ ಕಾಯಿ ಸರಿಯಾಗಿ ಕಚ್ಚದೆ, ಕೂಲಿಯವರಿಂದ ಪರಾಗ ಹಾಕಿಸುತ್ತಿದ್ದರು. ರೆಹಮಾನ್ ಸೈಯದ್ ಎಂಬ ಕೀಟ ವಿಜ್ಞಾನಿ ಕ್ಯಾಮರೂನ್‌ಗೆ ಹೋಗಿ ನೋಡಿದರೆ, ಅಲ್ಲಿ ಆ ಕೆಲಸ ಪುಟ್ಟ ಮೂತಿ ಹುಳುವಿನದು! 1981ರಲ್ಲಿ ಅದನ್ನು ಮಲೇಷ್ಯಾದಲ್ಲಿ ಬಿಟ್ಟರು. ಕೈ ಪರಾಗದ ಖರ್ಚು ಬಹುಪಾಲು ಉಳಿಯಿತು. 1985ರಲ್ಲಿ ಕೇರಳಕ್ಕೂ ತಂದರು.

ಅದರ ಬಾಳ್ವೆ ಕೇಳಿ. ಅರಳಿದ ಗಂಡು ಗೊನೆ ಸೋಂಪಿನಂಥ ವಾಸನೆ ಬಿಡುತ್ತೆ. ಹುಳು ಅಲ್ಲೇ ಮೊಟ್ಟೆ ಇಡುತ್ತೆ. ಮರಿಗಳು ಒಣಗುವ ಹೂವನ್ನೇ ತಿಂದು ಬೆಳೀತವೆ, ಮರಕ್ಕೆ ನಷ್ಟವಿಲ್ಲ. ಹೆಣ್ಣು ಗೊನೆಯೂ ಅದೇ ವಾಸನೆ ಬಿಡುತ್ತೆ. ಹುಳು ಮೋಸಹೋಗಿ ಮೈತುಂಬ ಪರಾಗ ಹೊತ್ತು ಅಲ್ಲಿಗೆ ಬರುತ್ತೆ. ಕಾಯಿ ಕಟ್ಟಿತು ಅಂತಲೇ ಲೆಕ್ಕ.

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರಿನ ಬಯಲಿಗೆ ಇದೇಕೆ ಅಂತೀರಾ? ನಮ್ಮ ಬದುವಿನ ಸೀತಾಫಲ ನೋಡಿ. ಅದರ ಹೂವಿನಲ್ಲಿ ಹೆಣ್ಣು ಭಾಗ ಮೊದಲು ಹದಕ್ಕೆ ಬರುತ್ತೆ, ಪರಾಗ ಆಮೇಲೆ ಉದುರುತ್ತೆ. ಹೀಗಾಗಿ ತನ್ನ ಪರಾಗ ತನಗೆ ಸಿಗೋದು ಕಷ್ಟ. ಎಸಳಿನ ಸಂದಿಗೆ ನುಗ್ಗುವ ಎಳ್ಳಿನಷ್ಟು ಕಂದು ಜೀರುಂಡೆಗಳೇ ಪರಾಗ ಸಾಗಿಸುತ್ತವೆ. ಇವಕ್ಕೆ ಮೂತಿಯಿಲ್ಲ, ಕೆಲಸ ಮಾತ್ರ ಅದೇ. ಜೇನು ಆ ದಪ್ಪ ಎಸಳಿನೊಳಗೆ ಹೋಗೋದು ಕಮ್ಮಿ.

ನಾನು ಮಾಡೋದು ಇಷ್ಟು. ಹೂ ಇರುವಾಗ ಸೀತಾಫಲಕ್ಕೆ ಔಷಧಿ ಹೊಡೆಯಲ್ಲ. ಪಕ್ಕದ ಹೊಲಕ್ಕೆ ಹೊಡೆಯಬೇಕಾದರೂ ಗಾಳಿ ನೋಡ್ತೀನಿ. ಶಿಡ್ಲಘಟ್ಟದವರಿಗೆ ಇದು ಹೇಳಿಕೊಡಬೇಕಿಲ್ಲ, ಹಿಪ್ಪುನೇರಳೆ ಸೊಪ್ಪಿಗೆ ಔಷಧಿ ತಾಕಿದರೆ ರೇಷ್ಮೆ ಹುಳು ಸಾಯುತ್ತೆ ಅಂತ ಗೊತ್ತು. ಹತ್ತಾರು ಗಿಡ ಇದ್ದವರು ಬೆಳಿಗ್ಗೆ ಪೂರ್ತಿ ಅರಳಿದ ಹೂವಿನ ಪರಾಗವನ್ನು ಮೆತ್ತನೆ ಬ್ರಷ್‌ನಿಂದ ತೆಗೆದು, ಅರೆ ಅರಳಿದ ಹೂವಿನ ಒಳಗೆ ಸವರಬಹುದು. ಎರಡು ಕೊಂಬೆಗೆ ಹೀಗೆ ಮಾಡಿ ದಾರ ಕಟ್ಟಿ, ಉಳಿದವನ್ನು ಹಾಗೇ ಬಿಡಿ. ಕಾಯಿ ಎಣಿಸಿದರೆ ನಿಮ್ಮ ಹೊಲದಲ್ಲಿ ಹುಳುವಿನ ಕೆಲಸ ಎಷ್ಟು ಸಾಲುತ್ತಿದೆ ಅಂತ ತಿಳಿಯುತ್ತೆ.

ಯಾವುದೇ ಹುಳು ಕಂಡರೂ, ಮೊದಲು ಅದು ಏನು ತಿನ್ನುತ್ತಿದೆ ನೋಡಿ. ಪಂಪು ಹೆಗಲಿಗೇರಿಸೋದು ಆಮೇಲೆ.